ಚಿತ್ರದಲ್ಲಿ ಇಲ್ಲದವನು

ಅವರ ಬಲಗೈಯ ತೋರುಬೆರಳಿನ ಮೇಲೆ ಒಂದು ಗೀರಿತ್ತು. ಐಬ್ರೋ ಮಾಡುವ ನೂಲು ವರ್ಷಗಟ್ಟಲೆ ಒಂದೇ ಜಾಗದಲ್ಲಿ ಓಡಾಡಿ, ಕೊನೆಗೆ ಚರ್ಮವೇ ಸೋತು ನೂಲಿಗೆ ದಾರಿ ಬಿಟ್ಟುಕೊಟ್ಟಂತೆ ಮೂಡಿದ್ದ ಗೀರು. ನೂಲಿನ ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು ಕೆಲಸ ಮಾಡುವಾಗ ಅವರಿಗೆ ಮಾತನಾಡಲು ಆಗುತ್ತಿರಲಿಲ್ಲ. ಆದ್ದರಿಂದ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಒರಗಿದ ಹೆಂಗಸರೇ ಮಾತನಾಡುತ್ತಿದ್ದರು: ಅತ್ತೆಯ ಬಗ್ಗೆ, ನಾದಿನಿಯ ಮದುವೆಯ ಬಗ್ಗೆ, ಬಸ್ಸಿನಲ್ಲಿ ಕೈ ತಾಗಿಸಿದವನ ಬಗ್ಗೆ. ಇವರು ಮೂಗಿನಲ್ಲೇ ಹ್ಞೂಂಗುಟ್ಟುತ್ತಿದ್ದರು. ಕೆಲಸ ಮುಗಿದು ನೂಲು ಬಾಯಿಂದ ಬಿಟ್ಟ ಕೂಡಲೇ ಬರುತ್ತಿದ್ದ ಮೊದಲ ಮಾತು ಹೆಚ್ಚಿನ ಸಲ ಒಂದು ಪ್ರಶ್ನೆಯಾಗಿರುತ್ತಿತ್ತು: "ಇಷ್ಟೆಲ್ಲ ಆಗುವಾಗ ನಿಮ್ಮ ಗಂಡ ಎಲ್ಲಿದ್ರು?"

ಪುತ್ತೂರಿನ ಹತ್ತಿರದ ಕಬಕದಲ್ಲಿ, ವಿಟ್ಲದ ಬಸ್ಸು ತಿರುಗುವಲ್ಲಿ, ಒಂದು ಬೇಕರಿಯ ಮೇಲಿನ ಮಹಡಿಯಲ್ಲಿ ಅವರ ಪಾರ್ಲರ್ ಇತ್ತು. ಎರಡು ಕುರ್ಚಿ, ಗೋಡೆಯಗಲದ ಕನ್ನಡಿ, ನಡುವೆ ಒಂದು ನೀಲಿ ಪರದೆ. ಪರದೆಯ ಈಚೆ ಹುಬ್ಬು, ಕೂದಲು, ಮದುಮಗಳ ಮೇಕಪ್ಪು. ಆಚೆ ಒಂದು ಮರದ ಮೇಜು, ಅದರ ಮೇಲೆ ಅಂಚು ಸವೆದ ಟ್ಯಾರೋ ಕಾರ್ಡುಗಳ ಕಟ್ಟು. ಈಶ್ವರಮಂಗಲದ ಕಡೆಯ ಈ ಹೆಂಗಸು ಸಣ್ಣ ವಯಸ್ಸಿನಲ್ಲಿಯೇ ಮುಂಬೈಗೆ ಹೋಗಿ ಪಾರ್ಲರ್ ಕೆಲಸ ಕಲಿತವರು. ಅಲ್ಲಿಯ ಒಡತಿಯಾಗಿದ್ದ ಪಾರ್ಸಿ ಮುದುಕಿ ಕೂದಲು ಕತ್ತರಿಸುವುದರ ಜೊತೆಗೆ ಕಾರ್ಡು ಓದುವುದನ್ನೂ ಇವರಿಗೆ ಕಲಿಸಿದ್ದಳಂತೆ. ತಾಯಿಯ ಕಾಯಿಲೆಗೆಂದು ಊರಿಗೆ ಮರಳಿ, ತಾಯಿ ತೀರಿಹೋದ ಮೇಲೂ ಇಲ್ಲೇ ಉಳಿದುಬಿಟ್ಟರು. ಮದುವೆಯಾಗಿರಲಿಲ್ಲ. ಕಬಕದಿಂದ ಪುತ್ತೂರಿನವರೆಗೆ ಎಲ್ಲರ ಬಾಯಲ್ಲಿ ಅವರು ಕಾರ್ಡಿನಕ್ಕ. ನಾನು ಎಂ.ಎ. ಮುಗಿಸಿ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿಯಾಗಿ ಸೇರಿ ಅದೇ ಮಹಡಿಯ ಪಕ್ಕದ ಕೋಣೆಗೆ ಬಾಡಿಗೆಗೆ ಬಂದಾಗ ನನಗೂ ಅಕ್ಕನಾದರು. ನಾನು ಅವರಿಗೆ ಟೀಚರು.

ಕಾರ್ಡು ಭವಿಷ್ಯ ಹೇಳುತ್ತದೆಂದು ನಾನು ನಂಬುವುದಿಲ್ಲ. ಇದನ್ನು ಮೊದಲ ವಾರದಲ್ಲಿಯೇ ಅವರಿಗೆ ಹೇಳಿದ್ದೆ. ಅವರು ಕೋಪಿಸಿಕೊಳ್ಳಲಿಲ್ಲ.

"ಮುಂದಿನದ್ದು ನನಗೆ ಗೊತ್ತಾಗುದಾದ್ರೆ ಇಷ್ಟು ಮೆಟ್ಲು ಉಂಟಾದ ಬಿಲ್ಡಿಂಗಿನಲ್ಲಿ ರೂಮು ಹಿಡಿತಿದ್ದೆನಾ ಟೀಚರೇ? ಮೊಣಗಂಟು ಹೀಗೆ ಕೈ ಕೊಡ್ತದೆ ಅಂತ ಆಗ ಒಂದು ಕಾರ್ಡೂ ಹೇಳ್ಲಿಲ್ಲ."

"ಹಾಗಾದರೆ ಜನ ಯಾಕೆ ಬರ್ತಾರೆ?"

"ಅವರಿಗೆ ಆಗಿಹೋದದ್ದೇ ಸರಿ ಗೊತ್ತಿಲ್ಲ. ಅದನ್ನು ನೋಡ್ಲಿಕ್ಕೆ ಬರ್ತಾರೆ. ಮುಂದಿನದ್ದು ಅಂತ ಹೇಳುದು, ನೋಡುದು ಹಿಂದಿನದ್ದು."

ಅವರ ಓದುವ ಕ್ರಮವೇ ಬೇರೆ. ಕಾರ್ಡು ಮೇಜಿನ ಮೇಲೆ ಬಿದ್ದ ಕೂಡಲೇ ಅರ್ಥ ಹೇಳುತ್ತಿರಲಿಲ್ಲ. ಎದುರು ಕುಳಿತವರು ಚಿತ್ರದಲ್ಲಿ ಏನು ಕಾಣುತ್ತದೆಂದು ತಾವೇ ಹೇಳಬೇಕು. ತಕ್ಕಡಿ ಹಿಡಿದು ಕುಳಿತ ನ್ಯಾಯದೇವತೆಯನ್ನು ನೋಡಿ ಒಬ್ಬರು, "ಇವ ಅಡಿಕೆ ವ್ಯಾಪಾರಿಯಾ ಅಕ್ಕ?" ಎಂದಿದ್ದರು. ಅಕ್ಕ ನಗದೆ, "ಹೌದು, ಕತ್ತಿ ಹಿಡ್ಕೊಂಡು ತೂಗುವ ವ್ಯಾಪಾರಿ. ಕಡಿಮೆ ತೂಗಿದ್ರೆ ಕೇಳುವವರಿಲ್ಲ" ಎಂದು ಅದೇ ದಾರಿಯಲ್ಲಿ ಮುಂದುವರಿದಿದ್ದರು. ಬಿಳಿ ಕುದುರೆಯ ಮೇಲೆ ಬರುವ ಮೃತ್ಯುವಿನ ಕಾರ್ಡು ಬಿದ್ದು ಯಾರಾದರೂ ಬೆವರಿದರೆ, "ಕುದುರೆಯ ಲಗಾಮು ಎಂತ ಚಂದ ಉಂಟು ನೋಡಿ, ನಿಮ್ಮ ಮನೆಗೆ ಬರುದಾದ್ರೆ ಇಷ್ಟು ಶೃಂಗಾರ ಮಾಡ್ಕೊಂಡು ಬರ್ತಾನಾ" ಎಂದು ಅವರ ಬೆನ್ನು ತಟ್ಟುತ್ತಿದ್ದರು.

ಕಾಣುವುದನ್ನು ಹೇಳಿ ಮುಗಿಸಿದ ಮೇಲೆ ಅವರ ನಿಜವಾದ ಪ್ರಶ್ನೆ ಬರುತ್ತಿತ್ತು: "ಈಗ ಇದರಲ್ಲಿ ಯಾರು ಇಲ್ಲ, ಹೇಳಿ."

ಬೆನ್ನಿನಲ್ಲಿ ಹತ್ತು ಕತ್ತಿ ನಾಟಿಸಿಕೊಂಡು ಬೋರಲು ಬಿದ್ದ ಮನುಷ್ಯನ ಚಿತ್ರವನ್ನು ಒಂದು ಸಂಜೆ ನನ್ನ ಮುಂದಿಟ್ಟರು. ನಾನು ಪುಸ್ತಕದಲ್ಲಿ ಓದಿದ್ದನ್ನು ಹೇಳಿದೆ: ಸೋಲು, ಅಂತ್ಯ, ದ್ರೋಹ. ಅವರು ತಲೆಯಾಡಿಸಿ ಗೀರುಬಿದ್ದ ಬೆರಳನ್ನು ಒಂದೊಂದೇ ಕತ್ತಿಯ ಮೇಲೆ ಓಡಿಸಿದರು. "ಸಾಯ್ಲಿಕ್ಕೆ ಒಂದು ಸಾಕಿತ್ತು. ಉಳಿದವರು ಯಾಕೆ ಚುಚ್ಚಿದ್ದು? ಚುಚ್ಚಿದವರು ಎಷ್ಟೋ ಜನ, ಒಬ್ಬನೂ ಚಿತ್ರದಲ್ಲಿ ಇಲ್ಲ. ಬಿದ್ದವನದ್ದು ಮಾತ್ರ ಫೋಟೋ ತೆಗ್ದದ್ದು."

ವಿಶ್ವವಿದ್ಯಾನಿಲಯದಲ್ಲಿ ಅಧಿಕಾರದ ಬಗ್ಗೆ ನಾನು ಬಹಳ ಓದಿದ್ದೇನೆ. ಆ ಓದಿಗೆ ಕೃತಜ್ಞಳಾಗಿಯೂ ಇದ್ದೇನೆ. ಆದರೆ ಆ ಓದನ್ನು ಯಾರದಾದರೂ ಮುಖ ನೋಡಿ ಕೇಳುವ ಪ್ರಶ್ನೆಯಾಗಿ ಮಾಡಿಕೊಳ್ಳುವ ಬಗೆ ನನಗೆ ಸಿಕ್ಕಿದ್ದು ಆ ಮೇಜಿನ ಪಕ್ಕದಲ್ಲಿ.

ಇಲ್ಲಿ ನಮ್ಮ ಕಡೆಯ ಒಂದು ಪದದ ಬಗ್ಗೆ ಹೇಳಬೇಕು. ಪುತ್ತೂರು, ಸುಳ್ಯ, ಕಡಬದ ಮನೆಗಳಲ್ಲಿ ಪ್ರಶ್ನೆಯನ್ನು ಕೇಳುವುದಿಲ್ಲ, ಇಡಿಸುತ್ತಾರೆ. ಮನೆಯಲ್ಲಿ ಸಾವಾದರೆ, ಹಸು ಬತ್ತಿದರೆ, ಮದುವೆ ಮುರಿದರೆ ಜ್ಯೋತಿಷಿಯನ್ನು ಕರೆಸಿ ಪ್ರಶ್ನೆ ಇಡಿಸುವುದು. ಕವಡೆಗಳು ಸರಿದಾಡಿ ಒಂದು ದೋಷ ಕಾಣುತ್ತದೆ. ದೋಷಕ್ಕೆ ಒಂದು ಪರಿಹಾರ ಹೇಳಲಾಗುತ್ತದೆ. ಈ ನಂಬಿಕೆಯಲ್ಲಿ ದುಃಖಕ್ಕೆ ಒಂದು ಆಸರೆ ಇದೆ, ಅದನ್ನು ಹೀಯಾಳಿಸುವ ಮನಸ್ಸು ನನಗಿಲ್ಲ. ನನ್ನ ಜಗಳ ಇರುವುದು ಆ ಆಸರೆಯ ಹಿಂದೆ ಅಡಗಿಕೊಳ್ಳುವವರ ಜೊತೆ.

ಕಳೆದ ಮಳೆಗಾಲದ ಒಂದು ಮಧ್ಯಾಹ್ನ ಮೂವರು ಮೆಟ್ಟಿಲು ಹತ್ತಿ ಬಂದರು. ನನ್ನ ಕೋಣೆ ಸೋರುತ್ತಿದ್ದುದರಿಂದ ನಾನು ಉತ್ತರಪತ್ರಿಕೆಗಳನ್ನು ಎತ್ತಿಕೊಂಡು ಪಾರ್ಲರಿನ ಕುರ್ಚಿಯಲ್ಲಿ ಕುಳಿತಿದ್ದೆ. ಬಂದವರಲ್ಲಿ ಒಬ್ಬಳು ಇಪ್ಪತ್ತೈದರ ಆಸುಪಾಸಿನ ಹೆಣ್ಣುಮಗಳು. ಸುಳ್ಯದ ಕಡೆಯ ಅರೆಭಾಷೆಯ ಮನೆಯವಳು, ನೆಟ್ಟಣದ ಕಡೆಗೆ ಮದುವೆಯಾಗಿ ಹೋದವಳು. ಅವಳ ಜೊತೆ ಗಂಡನ ಅಣ್ಣ, ಮತ್ತು ಅವನ ಹೆಂಡತಿ. ಆ ಹೆಂಡತಿ ಅಕ್ಕನ ಹಳೆಯ ಗಿರಾಕಿ. ಅಕ್ಕನ ಮನೆಮಾತು ತುಳು, ಬಂದವಳದ್ದು ಅರೆಭಾಷೆ, ಹಾಗಾಗಿ ಮಾತೆಲ್ಲ ಕನ್ನಡದಲ್ಲಿ ನಡೆಯಿತು.

ಆ ಹೆಣ್ಣುಮಗಳ ಗಂಡ ಗುತ್ತಿಗೆದಾರನೊಬ್ಬನ ಕೈಕೆಳಗೆ ಲೈನ್‌ಮ್ಯಾನ್ ಆಗಿದ್ದ. ಗಾಳಿಮಳೆಗೆ ಮರ ಬಿದ್ದು ಹರಿದ ವಿದ್ಯುತ್ ತಂತಿಯನ್ನು ಸರಿಪಡಿಸಲು ಕಂಬ ಹತ್ತಿದ್ದ. ತಂತಿಯಲ್ಲಿ ಕರೆಂಟ್ ತೆಗೆದಾಗಿದೆ ಎಂಬ ಖಾತ್ರಿ ಸಿಕ್ಕಿದ ಮೇಲೆಯೇ ಹತ್ತುವುದು ಈ ಕೆಲಸದ ನಿಯಮ. ಅದಕ್ಕೆ ಲೈನ್ ಕ್ಲಿಯರ್ ಎನ್ನುತ್ತಾರೆ. ಅದು ಸಿಕ್ಕಿತ್ತು. ಅವನು ಮೇಲಿರುವಾಗಲೇ ತಂತಿಯಲ್ಲಿ ಕರೆಂಟ್ ಬಂತು. ಜನ ಸೇರಿ, ಫೋನು ಮಾಡಿ, ಮತ್ತೆ ಕರೆಂಟ್ ತೆಗೆಸುವವರೆಗೆ ಅವನು ಕಂಬದಲ್ಲೇ ನೇತಾಡಿದ.

ಮನೆಯವರು ಪ್ರಶ್ನೆ ಇಡಿಸಿದರು. ಕುಟುಂಬದ ಹಳೆಯ ದೋಷವೊಂದು ಕಂಡಿತು, ಜೊತೆಗೆ ಹೆಂಡತಿಯ ಜಾತಕದ ದೋಷ. ಮರುದಿನ ಅವಳು ಪೊಲೀಸ್ ಠಾಣೆಯಲ್ಲಿ ಹೇಳಿಕೆ ಕೊಡಬೇಕಿತ್ತು.

"ಎಂತ ಹೇಳಿಕೆ?" ಅಕ್ಕ ಕೇಳಿದರು.

ಭಾವನೇ ಉತ್ತರಿಸಿದ. "ಯಾರ ಮೇಲೂ ಸಂಶಯ ಇಲ್ಲ, ದೂರಿಲ್ಲ ಅಂತ. ಕಂಟ್ರಾಕ್ಟರು ಪಾಪ ಒಳ್ಳೆ ಜನ. ಪರಿಹಾರ ಎಲ್ಲ ನಾನೇ ಮಾಡಿಸ್ತೇನೆ ಅಂತ ಹೇಳಿದ್ದಾರೆ."

"ಯಾವ ಪರಿಹಾರ?"

"ಅದೇ, ಪ್ರಶ್ನೆಯಲ್ಲಿ ಬಂದದ್ದು. ಹೋಮ, ಪೂಜೆ, ಎಲ್ಲ ಖರ್ಚು ಅವರದ್ದೇ."

ನನ್ನ ಕೈಯ ಪೆನ್ನು ನಿಂತಿತು. ಕೆಲಸದಲ್ಲಿ ಸತ್ತವನ ಹೆಂಡತಿಗೆ ಕಾನೂನು ಕೊಡಿಸಬೇಕಾದದ್ದಕ್ಕೂ ಕನ್ನಡದಲ್ಲಿ ಪರಿಹಾರ ಎಂದೇ ಹೆಸರು. ಆ ಗುತ್ತಿಗೆದಾರ ಒಂದು ಪರಿಹಾರದ ಜಾಗದಲ್ಲಿ ಇನ್ನೊಂದನ್ನು ಇಟ್ಟಿದ್ದ, ಪದ ಒಂದೇ ಆದ್ದರಿಂದ ಮನೆಯವರಿಗೆ ಅದಲುಬದಲಾದದ್ದು ತಿಳಿದಿರಲಿಲ್ಲ. ಅಕ್ಕನೂ ಅದನ್ನು ಗಮನಿಸಿದರೆಂದು ಅವರ ಮುಖದಲ್ಲಿ ಕಂಡಿತು. ಆದರೆ ಅವರು ಆಗ ಏನೂ ಹೇಳದೆ ಹೆಣ್ಣುಮಗಳ ಕಡೆ ತಿರುಗಿದರು. "ನಿಂಗೆ ಎಂತ ಕೇಳ್ಲಿಕ್ಕುಂಟು ತಂಗಿ?"

ಅವಳು ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡಳು. "ನಾನು ಒಂದೇ ಕೇಳ್ಲಿಕ್ಕೆ ಬಂದದ್ದು ಅಕ್ಕ. ನನ್ನ ದೋಷದಿಂದ ಅವ್ರು ಹೋದದ್ದಾ?"

ಅಕ್ಕ ಕಟ್ಟನ್ನು ಕಲಸಿ ಮುಂದೆ ಹರಡಿದರು. ಅವಳು ಒಂದು ಕಾರ್ಡು ಎಳೆದು ತಿರುಗಿಸಿದಳು.

ತಲೆಕೆಳಗಾಗಿ ನೇತಾಡುವ ಮನುಷ್ಯನ ಕಾರ್ಡು. ನೆಟ್ಟ ಕಂಬ, ಅದರ ನೆತ್ತಿಗೆ ಒಂದು ಅಡ್ಡಮರ. ಅದರಿಂದ ಒಂದು ಕಾಲಿಗೆ ಹಗ್ಗ ಬಿಗಿದು ತೂಗುಬಿಟ್ಟ ಮನುಷ್ಯ. ಇನ್ನೊಂದು ಕಾಲು ಮಡಚಿದೆ. ತಲೆಯ ಸುತ್ತ ಹಳದಿ ಬೆಳಕು. ಈ ಚಿತ್ರವನ್ನು ಹಿಂದೆಯೂ ಅಲ್ಲಿ ನೋಡಿದ್ದೆ. ಅದೊಂದು ವಿದ್ಯುತ್ ಕಂಬ ಎಂದು ನನಗೆ ಹೊಳೆದಿರಲಿಲ್ಲ. ಆ ಕೋಣೆಯಲ್ಲಿದ್ದ ಎಲ್ಲರಿಗೂ ಅದು ಒಂದೇ ಕ್ಷಣದಲ್ಲಿ ಹೊಳೆಯಿತು. ಅಣ್ಣನ ಹೆಂಡತಿ ಬಾಯಿಗೆ ಸೆರಗು ಒತ್ತಿಕೊಂಡಳು. ಸ್ಥಳಕ್ಕೆ ಹೋಗಿ ತಮ್ಮನನ್ನು ಕೆಳಗಿಳಿಸಿದ್ದ ಅಣ್ಣ ಗೋಡೆಯ ಕಡೆ ಮುಖ ಮಾಡಿ, "ಹೀಗೆಯೇ. ಕಾಲು ಸಹ ಹೀಗೆಯೇ ಇತ್ತು" ಎಂದ.

ಅಕ್ಕನ ಕೈ ಕಾರ್ಡಿನ ಮೇಲೆ ಹೋಯಿತು. ಮುಚ್ಚುತ್ತಾರೆಂದುಕೊಂಡೆ. ಆ ಹೆಣ್ಣುಮಗಳೇ, "ಇರ್ಲಿ ಅಕ್ಕ. ನಂಗೆ ತೋರಿಸ್ಲಿಲ್ಲ ಯಾರೂ. ಪೆಟ್ಟಿಗೆಯಲ್ಲಿ ತಂದದ್ದು ಮಾತ್ರ ನೋಡಿದ್ದು" ಎಂದಳು.

"ಇದಕ್ಕೆ ಅರ್ಥ ಎಂತ?" ಅಣ್ಣ ಕೇಳಿದ. "ಬಲಿ ಅಂತ ಅಲ್ವಾ? ಪ್ರಶ್ನೆಯಲ್ಲಿ ಸಹ ಹಾಗೇ ಬಂದದ್ದು. ಒಂದು ಬಲಿ ಹೋಗ್ಲಿಕ್ಕೆ ಇತ್ತು ಅಂತ."

ಪುಸ್ತಕಗಳ ಅರ್ಥವೂ ಅದೇ: ತ್ಯಾಗ, ಶರಣಾಗತಿ, ಕಾಯುವಿಕೆ. ಅಕ್ಕ ಹಾಗೆಂದಿದ್ದರೆ ಎಲ್ಲರೂ ಅತ್ತು, ಸಮಾಧಾನಪಟ್ಟು, ಕೆಳಗಿಳಿದು ಬಸ್ಸು ಹತ್ತುತ್ತಿದ್ದರು. ಅಕ್ಕನ ಬದುಕು ಕೂಡ ಎಂದಿನಂತೆ ಸಾಗುತ್ತಿತ್ತು.

"ತಂಗಿ, ಇವನ ಕೈ ಎಲ್ಲುಂಟು?" ಎಂದು ಕೇಳಿದರು ಅಕ್ಕ.

ಅವಳು ಬಗ್ಗಿ ನೋಡಿದಳು. "ಬೆನ್ನ ಹಿಂದೆ."

"ಕೈ ಬೆನ್ನ ಹಿಂದೆ ಇದ್ದವ ಕಾಲಿಗೆ ಹಗ್ಗ ಕಟ್ಟಿಕೊಳ್ಳುದು ಹೇಗೆ?"

ಅಕ್ಕನ ಬೆರಳು ಚಿತ್ರದ ಹಗ್ಗದ ಗಂಟಿನ ಮೇಲೆ ಹೋಯಿತು.

"ಹಾಗಾದ್ರೆ ಕಟ್ಟಿದವ ಒಬ್ಬ ಇದ್ದಾನೆ. ಇದರಲ್ಲಿ ಕಾಣುದಿಲ್ಲ. ಕಟ್ಟಿ ಆಚೆ ನಿಂತಿದ್ದಾನೆ."

ಅಣ್ಣನಿಗೆ ಸಿಟ್ಟು ಬಂತು. "ಎಂತ ಮಾರಾಯ್ರೆ ನೀವು ಹೇಳುದು? ಹಗ್ಗ ಅವನೇ ಕಟ್ಟಿಕೊಂಡದ್ದು. ನಾನೇ ಬಿಚ್ಚಿದ್ದೇನೆ, ನಂಗೆ ಗೊತ್ತಿಲ್ವಾ?"

"ಹಗ್ಗ ಯಾಕೆ? ಕಂಬ ಹತ್ತುವವರಿಗೆ ಸೇಫ್ಟಿ ಬೆಲ್ಟ್ ಇರ್ತದಲ್ಲ."

"ಬೆಲ್ಟ್ ಕೊಟ್ಟಿರ್ಲಿಲ್ಲ."

"ಯಾರು?"

ಅಣ್ಣ ಮತ್ತೆ ಗೋಡೆಯ ಕಡೆ ತಿರುಗಿದ. ಆಗ ಆ ಹೆಣ್ಣುಮಗಳು ನಿಧಾನವಾಗಿ ಮಾತನಾಡತೊಡಗಿದಳು. ಗಂಡ ಕಂಬದ ಬುಡದಿಂದ ಫೋನು ಮಾಡಿದ್ದ. ಲೈನ್ ಆಫ್ ಉಂಟು, ಹತ್ತಿ ಇಳಿದು ಊಟಕ್ಕೆ ಬರುತ್ತೇನೆ, ಮೀನು ಇಡು ಎಂದಿದ್ದ. "ಆಮೇಲೆ ಕರೆಂಟ್ ಬಂತಂತೆ" ಎಂದಳು.

"ಬಂತು ಅಂದ್ರೆ? ಅದೇ ನಡ್ಕೊಂಡು ಬಂತಾ?"

ಅವಳು ತಲೆಯೆತ್ತಿದಳು.

"ಕರೆಂಟ್ ಬರುದಿಲ್ಲ ತಂಗಿ. ಬಿಡುದು. ಒಂದು ಕೈ ಒಂದು ಸ್ವಿಚ್ಚು ಒತ್ತಿದ್ರೆ ಮಾತ್ರ ಅದು ಬರುದು. ಆ ಕೈ ಯಾರದ್ದು ಅಂತ ಕವಡೆಯಲ್ಲಿ ಕಾಣುದಿಲ್ಲ, ನನ್ನ ಕಾರ್ಡಿನಲ್ಲಿ ಸಹ ಕಾಣುದಿಲ್ಲ. ಕೇಳಿಯೇ ಗೊತ್ತಾಗ್ಬೇಕು."

"ಅದೆಲ್ಲ ಕೇಳಿದ್ರೆ ನಮ್ಮವ ಬರ್ತಾನಾ?" ಎಂದ ಅಣ್ಣ. ಅವನ ದನಿಯಲ್ಲಿ ಸಿಟ್ಟು ಕರಗಿ ಬೇರೇನೋ ಇತ್ತು.

"ಬರುದಿಲ್ಲ. ಇವಳ ಜಾತಕ ಬೈದ್ರೆ ಬರ್ತಾನಾ?"

ಬಹುಶಃ ನಮ್ಮ ನಾಲಿಗೆಯೇ ಅಪರಾಧಿಗಳಿಗೆ ಅನುಕೂಲವಾಗಿದೆ. ಕರೆಂಟ್ ಬರುತ್ತದೆ, ಹೋಗುತ್ತದೆ. ಕಂಬ ಬೀಳುತ್ತದೆ, ಸೇತುವೆ ಕುಸಿಯುತ್ತದೆ, ಫೈಲು ಕಳೆದುಹೋಗುತ್ತದೆ. ಕೆಲಸ ನಡೆದಿರುತ್ತದೆ, ಮಾಡಿದವರಿರುವುದಿಲ್ಲ. ಅಂದಿನಿಂದ ಅಕ್ಕನಿಗೆ ಇದೊಂದು ಹಟವೇ ಆಯಿತು. ಹಳೆಯ ಪತ್ರಿಕೆಯೊಂದರಲ್ಲಿ ಆ ಸಾವಿನ ಸುದ್ದಿ ಬಂದಿದ್ದನ್ನು ನಾನು ಓದಿ ಹೇಳಿದೆ: ವಿದ್ಯುತ್ ಪ್ರವಹಿಸಿ ಕಾರ್ಮಿಕ ಮೃತ್ಯು. ಪ್ರವಹಿಸಿ ಎಂದರೇನೆಂದು ಕೇಳಿದರು. ಹರಿದು ಎಂದೆ. "ಹರಿಲಿಕ್ಕೆ ಅದೆಂತ ತೋಡಿನ ನೀರಾ?" ಎಂದು ಬಾಗಿಲ ಬಳಿ ನಿಂತಿದ್ದ ಬೇಕರಿಯವನಿಗೂ ಕೇಳಿಸುವಂತೆ ಹೇಳಿದರು.

ಮರುದಿನ ಠಾಣೆಯಲ್ಲಿ ಆ ಹೆಣ್ಣುಮಗಳು, ದೂರಿಲ್ಲ ಎಂದು ಹೇಳಲಿಲ್ಲ. ಕರೆಂಟ್ ಬಿಟ್ಟದ್ದು ಯಾರು, ಬೆಲ್ಟ್ ಕೊಡದಿದ್ದದ್ದು ಯಾರು, ಅದನ್ನು ಬರೆದುಕೊಳ್ಳಿ ಎಂದಳು. ಅಷ್ಟು ಮಾತಿಗೆ ಅವಳು ಗಂಡನ ಮನೆಯನ್ನು ಕಳೆದುಕೊಂಡಳು. ತವರಿಗೆ ಮರಳಿದಳು, ಅಲ್ಲಿಂದಲೇ ಓಡಾಡಿದಳು. ತನಿಖೆಯೆಂಬುದು ನಡೆಯಿತು. ವಿದ್ಯುತ್ ಮಾರ್ಗದಲ್ಲಿ ಉಂಟಾದ ತಾಂತ್ರಿಕ ದೋಷ ಹಾಗೂ ಮೃತನ ಸ್ವಂತ ಅಜಾಗರೂಕತೆಯಿಂದ ಅವಘಡ ಸಂಭವಿಸಿದೆ ಎಂಬ ತೀರ್ಮಾನ ಬಂತು. ಕೈಗವಸು ಧರಿಸಿರಲಿಲ್ಲ ಎಂಬುದು ಅಜಾಗರೂಕತೆಗೆ ಸಾಕ್ಷ್ಯ. ಅವನಿಗೆ ಕೈಗವಸನ್ನೇ ಕೊಟ್ಟಿರಲಿಲ್ಲ ಎಂಬುದು ಯಾವುದಕ್ಕೂ ಸಾಕ್ಷ್ಯವಲ್ಲ. ಜ್ಯೋತಿಷಿಯ ಬಾಯಲ್ಲಿ ಕೇಳಿದ ಪದವೇ ಅಧಿಕಾರಿಯ ಬಾಯಲ್ಲೂ ಬಂದಿತ್ತು. ನಾನು ಅದನ್ನು ತೋರಿಸಿದಾಗ ಅಕ್ಕ ಹೇಳಿದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ: "ತಪ್ಪು ಅಂತ ಬರೆದ್ರೆ ತಪ್ಪು ಮಾಡಿದವ ಬೇಕಾಗ್ತದೆ ಟೀಚರೇ. ದೋಷಕ್ಕೆ ಯಾರೂ ಬೇಡ. ಅದಕ್ಕೇ ಇವರಿಗೆ ದೋಷ ಅಂದ್ರೆ ಅಷ್ಟು ಪ್ರೀತಿ."

ಆ ಹೆಣ್ಣುಮಗಳು ಮತ್ತೊಮ್ಮೆ ಅರ್ಜಿ ಕೊಟ್ಟಳು. ಆಗ ಅಕ್ಕನ ಮೇಲೆ ದೂರು ಬಿತ್ತು.

ಕಾರ್ಡುಗಳ ಮೂಲಕ ವಾಮಾಚಾರ ಮಾಡಿ, ವಿಧವೆಯೊಬ್ಬಳನ್ನು ಮರುಳುಗೊಳಿಸಿ, ಗೌರವಸ್ಥರ ವಿರುದ್ಧ ಎತ್ತಿಕಟ್ಟಿದ್ದಾರೆ ಎಂಬ ದೂರು. ಮೌಢ್ಯದ ವಿರುದ್ಧ ಕಾನೂನು ಬೇಕೆಂದು ಕೂಗಿದವರ ಪೈಕಿ ನಾನೂ ಒಬ್ಬಳು, ಇವತ್ತಿಗೂ ಬೇಕೆನ್ನುತ್ತೇನೆ. ಆದ್ದರಿಂದಲೇ ಕೇಳುತ್ತೇನೆ. ಸಾವಿಗೆ ಹೆಂಡತಿಯ ಜಾತಕ ಕಾರಣ ಎಂದವರನ್ನು ಯಾವ ಠಾಣೆಗೂ ಯಾಕೆ ಕರೆಯಲಿಲ್ಲ? ಆ ಮಾತನ್ನು ತನ್ನ ರಕ್ಷಣೆಗೆ ಬಳಸಿಕೊಂಡ ಗುತ್ತಿಗೆದಾರನನ್ನು ಯಾಕೆ ಕೂರಿಸಿ ಕೇಳಲಿಲ್ಲ? ಲೈನ್ ಕ್ಲಿಯರ್ ಕೊಟ್ಟ ಮೇಲೆ ಸ್ವಿಚ್ಚಿನ ಮೇಲೆ ಕೈಯಿಟ್ಟವನ ಮನೆಯ ಬಾಗಿಲು ಯಾರಿಗೂ ಯಾಕೆ ಕಾಣಲಿಲ್ಲ? ಆ ಇಡೀ ಸಾವಿನ ಸಂಬಂಧದಲ್ಲಿ ಮತ್ತೆ ಮತ್ತೆ ಠಾಣೆಗೆ ಕರೆಸಿ, ಹೊರಗಿನ ಬೆಂಚಿನಲ್ಲಿ ಕೂರಿಸಿ, ಸಂಜೆ ಹಿಂದಕ್ಕೆ ಕಳಿಸಿದ್ದು ಒಬ್ಬರನ್ನೇ: ಯಾರು ಎಂದು ಕೇಳಲು ಹೇಳಿಕೊಟ್ಟ ಹೆಂಗಸನ್ನು.

ಕಾರ್ಡುಗಳ ಕಟ್ಟನ್ನು ಸಾಕ್ಷ್ಯವೆಂದು ವಶಪಡಿಸಿಕೊಂಡರು. ಒಂದು ದಿನ ನಾನೂ ಜೊತೆಗೆ ಹೋಗಿದ್ದೆ. ಸಾಹೇಬರು ಹೊರಗೆ ಹೋದ ಸಮಯ ನೋಡಿ ಕಾನ್‌ಸ್ಟೇಬಲ್ ಒಬ್ಬರು ಬೆಂಚಿನ ಹತ್ತಿರ ಬಂದು ದನಿ ತಗ್ಗಿಸಿದರು.

"ಅಕ್ಕ, ನನ್ನ ಟ್ರಾನ್ಸ್‌ಫರ್ ಈ ವರ್ಷ ಆಗ್ತದಾ? ಹೆಂಡತಿ ಕುಂದಾಪುರದಲ್ಲಿ."

"ಕಾರ್ಡು ನಿಮ್ಮ ಕಪಾಟಿನಲ್ಲೇ ಉಂಟಲ್ಲ ಸಾರ್. ಸೀಲು ಒಡೆದು ನೀವೇ ಒಂದು ತೆಗ್ದು ನೋಡಿ."

ಅವರು ನಾಚಿ ನಕ್ಕರು. ಅಕ್ಕನೂ ನಕ್ಕರು. ನನಗೆ ನಗು ಬರಲಿಲ್ಲ.

ಕಟ್ಟಡದ ಮಾಲೀಕ ಪಾರ್ಲರ್ ಖಾಲಿ ಮಾಡಲು ಹೇಳಿದ. ಗಿರಾಕಿಗಳು ಕಡಿಮೆಯಾದರು, ಪೊಲೀಸರು ಬಂದುಹೋಗುವ ಜಾಗಕ್ಕೆ ಮದುಮಗಳನ್ನು ಯಾರು ಕಳಿಸುತ್ತಾರೆ? ಆದರೂ ಆ ಹೆಣ್ಣುಮಗಳು ಸುಳ್ಯದಿಂದ ಬಂದು, ಬಸ್ಸಿಳಿದು ಫೋನು ಮಾಡಿದರೆ ಅಕ್ಕ ಬಾಗಿಲಿಗೆ ಬೀಗ ಹಾಕಿ ಹೊರಡುತ್ತಿದ್ದರು. ಕಚೇರಿಗಳ ಕಾರಿಡಾರಿನಲ್ಲಿ ಇಬ್ಬರೂ ಹೆಚ್ಚು ಮಾತಾಡುತ್ತಿರಲಿಲ್ಲ. ಹೇಳಿಕೆ ಹೇಗೆ ಕೊಡಬೇಕು ಎಂಬುದನ್ನು ಮಾತ್ರ ಅಕ್ಕ ಒತ್ತಿ ಹೇಳುತ್ತಿದ್ದರು. "ಆಯ್ತು ಅಂತ ಹೇಳ್ಬೇಡ. ಮಾಡಿದ್ರು ಅಂತ ಹೇಳು. ಯಾರು ಮಾಡಿದ್ರು ಅಂತ ಅವರೇ ಕೇಳ್ತಾರೆ ಆಗ. ಅವರ ಬಾಯಿಂದ ಆ ಯಾರು ಅನ್ನುದು ಬರ್ಬೇಕು."

ಒಂದು ದಿನ ಅವರ ಮೇಲೆ ನಾನು ರೇಗಿದೆ. ಇದು ನಿಮ್ಮ ಕೆಲಸವೂ ಅಲ್ಲ, ನಿಮ್ಮ ಸಂಬಂಧವೂ ಅಲ್ಲ, ಈ ವಯಸ್ಸಿನಲ್ಲಿ ಯಾಕೆ ಎಂದೆ. ವಕೀಲರನ್ನು ನಾನು ಹುಡುಕುತ್ತೇನೆ, ನೀವು ಸುಮ್ಮನಿರಿ ಎಂದೆ. ಅವರು ಕನ್ನಡಿಯ ಮೇಲಿನ ಧೂಳನ್ನು ಒರೆಸುತ್ತ ಉತ್ತರಿಸಿದರು.

"ನನ್ನ ಕಾರ್ಡಿನಲ್ಲಿ ಬಂದದ್ದಲ್ವಾ? ಅವಳು ನನ್ನ ಮೇಜಿನಲ್ಲಿ ಕೇಳಿದ್ದು, ದೋಷ ನನ್ನದಾ ಅಂತ. ಅಲ್ಲ ಅಂತ ಹೇಳಿ ಕಳಿಸ್ಬಹುದಿತ್ತು. ಬರೀ ಅಲ್ಲ ಅಂದ್ರೆ ಅವಳು ನಂಬ್ತಿರ್ಲಿಲ್ಲ ಟೀಚರೇ. ಇಂಥವನದ್ದು ಅಂತ ಗೊತ್ತಾದ್ರೆ ಮಾತ್ರ ಅವಳ ತಲೆಯಿಂದ ಅದು ಇಳಿಯುದು. ಅಷ್ಟರವರೆಗೆ ಅವಳು ಸಹ ನೇತಾಡಿಕೊಂಡೇ ಇರ್ತಾಳೆ."

ಮಳೆಗಾಲ ಮುಗಿಯುವ ಹೊತ್ತಿಗೆ ಅವರಿಗೆ ಎಡಗೈಯಲ್ಲಿ ನೋವು ಕಾಣಿಸಿಕೊಂಡಿತು. ಐಬ್ರೋ ಮಾಡಿ ಮಾಡಿ ಬಂದ ನೋವೆಂದು ಎಣ್ಣೆ ಹಚ್ಚಿಕೊಳ್ಳುತ್ತಿದ್ದರು. ನೂಲಿನ ಕೆಲಸ ಮಾಡುವ ಎಲ್ಲರಿಗೂ ಇದ್ದದ್ದೇ ಎನ್ನುತ್ತಿದ್ದರು. ಠಾಣೆಯಿಂದ ಮತ್ತೊಮ್ಮೆ ಕರೆ ಬಂದ ದಿನ, ಇಡೀ ಹಗಲು ಬೆಂಚಿನಲ್ಲಿ ಕುಳಿತು ಮರಳಿ, ನಮ್ಮ ಮೆಟ್ಟಿಲುಗಳ ಅರ್ಧದಲ್ಲಿ ಕುಸಿದರು. ಬೇಕರಿಯವನೂ ನಾನೂ ಸೇರಿ ಆಂಬುಲೆನ್ಸಿಗೆ ಏರಿಸಿದೆವು. ಮಂಗಳೂರು ಮುಟ್ಟುವ ಮೊದಲೇ ಅವರ ಉಸಿರು ನಿಂತಿತು.

ಹೃದಯಾಘಾತವಾಯಿತು ಎಂದು ಎಲ್ಲರೂ ಹೇಳಿದರು. ಆಯಿತು. ನಾನು ಈ ಕ್ರಿಯಾಪದವನ್ನು ಒಪ್ಪುವುದಿಲ್ಲ. ಅವರ ವಿರುದ್ಧ ಸುಳ್ಳು ದೂರು ಬರೆದವರಿದ್ದಾರೆ, ಅದನ್ನು ದಾಖಲಿಸಿಕೊಂಡವರಿದ್ದಾರೆ, ಕುಳಿತಿರಿ ಎಂದು ಬೆಂಚು ತೋರಿಸಿ ಮರೆತವರಿದ್ದಾರೆ. ವೈದ್ಯರ ಭಾಷೆಯಲ್ಲಿ ಅವರು ಯಾರೂ ಕಾರಣರಲ್ಲದಿರಬಹುದು. ಚಿತ್ರದಲ್ಲಿ ಇಲ್ಲದವರನ್ನು ಎಣಿಸಲು ಕಲಿತ ನನ್ನ ಕಣ್ಣಿಗೆ ಅವರು ಕಾಣುತ್ತಾರೆ.

ಈಶ್ವರಮಂಗಲದಿಂದ ಬಂದ ದೂರದ ಸಂಬಂಧಿಕರು ಅಂತ್ಯಕ್ರಿಯೆ ಮಾಡಿದರು. ಸುಳ್ಯದ ಹೆಣ್ಣುಮಗಳು ಬಂದು, ಹೆಂಗಸರ ಸಾಲಿನ ಕೊನೆಯಲ್ಲಿ ನಿಂತು, ಯಾರೊಂದಿಗೂ ಮಾತನಾಡದೆ ಹೋದಳು. ಅವಳು ಇನ್ನು ಬಿಟ್ಟುಬಿಡುತ್ತಾಳೆ ಎಂದುಕೊಂಡೆ. ನಾನು ಅವಳ ಜಾಗದಲ್ಲಿದ್ದರೆ ಬಿಡುತ್ತಿದ್ದೆನೇನೋ. ಆರೋಪಿ ಮೃತಪಟ್ಟಿದ್ದರಿಂದ ಅಕ್ಕನ ಮೇಲಿನ ಪ್ರಕರಣ ಮುಗಿಯಿತು. ಲೈನ್‌ಮ್ಯಾನ್ ಸಾವಿನ ಪ್ರಕರಣವನ್ನೂ ಅದರ ಜೊತೆಗೆ ಮುಗಿಸುವ ಅವಸರ ಎಲ್ಲರಲ್ಲೂ ಇತ್ತು.

ಮರುತನಿಖೆಯ ಅರ್ಜಿಯ ವಿಚಾರಣೆಗೆ ಅವಳನ್ನು ಕರೆದಾಗ ನಾನು ಜೊತೆಗೆ ಹೋದೆ. ಅಧಿಕಾರಿ ಕೆಟ್ಟ ಮನುಷ್ಯರಲ್ಲ. ಕುರ್ಚಿ ತೋರಿಸಿದರು, ನೀರು ತರಿಸಿದರು.

"ನೋಡಮ್ಮ," ಎಂದರು, "ಕರೆಂಟ್ ಬಿಟ್ಟದ್ದು ಯಾರು ಅನ್ನುವ ಮಾತು ನಿಮ್ಮದಲ್ಲ ಅಂತ ನಮಗೂ ಗೊತ್ತುಂಟು. ಆ ಕಾರ್ಡಿನ ಹೆಂಗಸು ಹೇಳಿಕೊಟ್ಟದ್ದು. ಪಾಪ, ಅವರೂ ಹೋದ್ರು. ಇನ್ನು ಯಾಕೆ ಎಳೀತೀರಿ?"

"ಹೌದು ಸಾರ್, ಅವ್ರೇ ಹೇಳಿಕೊಟ್ಟದ್ದು," ಎಂದಳು ಅವಳು. "ಈಗ ನಂಗೆ ಬರ್ತದೆ."

ಅಧಿಕಾರಿ ನನ್ನ ಕಡೆ ನೋಡಿದರು. ಅವರು ನಿಟ್ಟುಸಿರು ಬಿಟ್ಟು ಹಾಳೆಯನ್ನು ಹತ್ತಿರಕ್ಕೆ ಎಳೆದುಕೊಂಡರು. "ಸರಿ. ಕಾರಣ ಅಂತ ಇಲ್ಲೊಂದು ಸಾಲು ಉಂಟು. ಹಿಂದೆ ಬರೆದದ್ದು ನಿಮಗೆ ಒಪ್ಪಿಗೆ ಇಲ್ಲ ಅಂತೀರಿ. ಹಾಗಾದ್ರೆ ಯಾರ ಹೆಸರು ಬರೀಬೇಕು, ಹೇಳಿ."

"ಅದು ಹುಡುಕುದು ನಿಮ್ಮ ಕೆಲಸ ಸಾರ್. ಸಿಗುವವರೆಗೆ ಎಂತದೂ ಬರೀಬೇಡಿ. ದೋಷ ಅಂತ ಮಾತ್ರ ಬರೀಲೇಬೇಡಿ. ಖಾಲಿ ಬಿಡಿ."

ಪೆನ್ನು ಸ್ವಲ್ಪ ಹೊತ್ತು ಹಾಳೆಯ ಮೇಲೆಯೇ ತಡೆದು ನಿಂತಿತು. ಆಮೇಲೆ ಅವರು ಅದರ ಮುಚ್ಚಳ ಹಾಕಿ, ನೋಡೋಣ ಎಂದರು.

ಆ ಸಾಲು ಇಂದಿಗೂ ಖಾಲಿ ಇದೆ. ಸುಳ್ಳೊಂದನ್ನು ಅಲ್ಲಿ ಕೂರಲು ಬಿಡದೆ ಆ ಜಾಗವನ್ನು ಕಾಯುತ್ತಿರುವುದಷ್ಟೇ ಈವರೆಗೆ ನಮಗೆ ಸಾಧ್ಯವಾದ ನ್ಯಾಯ.